ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತಸ್ರಾವ ಆಗಿ ಮನೆಗೆ ಬಂದವರು: ಚೇತರಿಕೆ ಯಾವುದರ ಮೇಲೆ ನಿಂತಿದೆ, ಮನೆಯವರ ಕೈಯಲ್ಲಿ ಏನಿದೆ

ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ಮೊದಲಿನ ಹಾಗೆ ಯಾವಾಗ ಆಗ್ತಾರೆ?" ಉತ್ತರದ ಒಂದು ಭಾಗ ಆ ಮನೆಯ ಬೀರುವಿನಲ್ಲೇ ಇರುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಡಿಸ್ಚಾರ್ಜ್ ಸಮರಿಯಲ್ಲಿ. ಉಳಿದದ್ದು ಮುಂದಿನ ಕೆಲವು ತಿಂಗಳು ಮನೆಯವರು ಏನು ಮಾಡುತ್ತಾರೆ, ಅದಕ್ಕಿಂತ ಹೆಚ್ಚಾಗಿ ಏನು ಮಾಡದೆ ಇರುತ್ತಾರೆ ಅನ್ನುವುದರ ಮೇಲೆ.

ನಾನು ಫಿಸಿಯೋಥೆರಪಿಸ್ಟ್. ಚಿಕ್ಕಮಗಳೂರಿನಲ್ಲಿ ವಾಸ, ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆಯ ಮನೆಗಳಿಗೆ ಸ್ಕೂಟರಿನಲ್ಲಿ ಓಡಾಟ. ನಮ್ಮ ಕಡೆ ತಲೆಪೆಟ್ಟಿಗೂ ಸೀಸನ್ ಇದೆ. ಫೆಬ್ರವರಿ-ಮಾರ್ಚಿನಲ್ಲಿ ಮೆಣಸು ಕುಯ್ಯಲು ಸಿಲ್ವರ್ ಮರಕ್ಕೆ ಏಣಿ ಹಾಕಿದವರು ಬೀಳುತ್ತಾರೆ. ಆಮೇಲೆ ಮರಗಸಿ ಮಾಡುವವರು, ಅಂದರೆ ತೋಟದ ನೆರಳು ಮರದ ಕೊಂಬೆ ಕಡಿಯುವವರು. ಮಳೆ ಹಿಡಿದರೆ ಪಾಚಿ ಕಟ್ಟಿದ ಅಂಗಳದಲ್ಲಿ ಅಜ್ಜ-ಅಜ್ಜಿಯರು. ಬೈಕಿನವರಿಗೆ ಸೀಸನ್ನೇ ಇಲ್ಲ, ವರ್ಷವಿಡೀ ಬೀಳುತ್ತಾರೆ, ಹೆಲ್ಮೆಟ್ಟು ಮಾತ್ರ ಕನ್ನಡಿಗೆ ನೇತಾಡುತ್ತಾ ಸುರಕ್ಷಿತವಾಗಿರುತ್ತದೆ. ಆಪರೇಷನ್, ಮಾತ್ರೆಯ ತೀರ್ಮಾನ ಡಾಕ್ಟರದು. ನಾನು ಇಲ್ಲಿ ಹೇಳುವುದು ಅವರು ಮಾಡಿದ ಕೆಲಸ ಮನೆಯಲ್ಲಿ ಹಾಳಾಗದಂತೆ ನೋಡಿಕೊಳ್ಳುವ ಬಗೆ.

ಆ ಸಮರಿಯಲ್ಲಿ ಏನು ನೋಡಬೇಕು

ಮೊದಲು ರಕ್ತ ಎಲ್ಲಿ ಕಟ್ಟಿತ್ತು ಅನ್ನುವುದನ್ನು ನೋಡಿ. 'ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು' ಅಂತ ಎಲ್ಲರೂ ಹೇಳುತ್ತಾರೆ, ಆದರೆ ಎಲ್ಲ ಹೆಪ್ಪೂ ಒಂದೇ ಅಲ್ಲ.

'ಇಡಿಎಚ್' ಅಂತಿದ್ದರೆ ರಕ್ತ ಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ಕಟ್ಟಿದೆ. ಹೆಚ್ಚಿನಂಶ ಕಣತಲೆಯ ಹತ್ತಿರ ಮೂಳೆ ಬಿರಿದು, ಅದರ ಒಳಮಗ್ಗುಲಿನ ರಕ್ತನಾಳ ಹರಿದಿರುತ್ತದೆ. ಬಿದ್ದವನು ಎದ್ದು ಕೂತು, ಕಾಫಿ ಕುಡಿದು, "ಏನೂ ಆಗಿಲ್ಲ ಬಿಡಿ" ಅಂದು, ಗಂಟೆ ಕಳೆಯುವುದರೊಳಗೆ ವಾಂತಿ ಮಾಡಿ ಮಂಪರಿಗೆ ಹೋಗುವುದು ಇದರಲ್ಲೇ ಜಾಸ್ತಿ. ಹೊತ್ತಿಗೆ ಸರಿಯಾಗಿ ಆಪರೇಷನ್ ಆದರೆ ಎಲ್ಲರಿಗಿಂತ ಚೆನ್ನಾಗಿ ಏಳುವವರೂ ಇವರೇ, ಯಾಕೆಂದರೆ ಮೆದುಳಿಗೇ ಬಿದ್ದ ಗಾಯ ಕಡಿಮೆ.

'ಅಕ್ಯೂಟ್ ಎಸ್‌ಡಿಎಚ್' ಅಂದರೆ ರಕ್ತ ಆ ಪೊರೆಯ ಕೆಳಗೆ. ಇದರಲ್ಲಿ ಕೆಳಗಿರುವ ಮೆದುಳೂ ಬಹಳ ಸಲ ಜಜ್ಜಿರುತ್ತದೆ. ರಕ್ತ ತೆಗೆದ ಮೇಲೂ ಚೇತರಿಕೆ ನಿಧಾನ. 'ಕಂಟ್ಯೂಷನ್' ಅಂದರೆ ಮೆದುಳಿನ ಜಜ್ಜುಗಾಯ, ಹೆಚ್ಚಾಗಿ ಹಣೆಯ ಹಿಂದೆ ಮತ್ತು ಕಿವಿಯ ಮೇಲ್ಭಾಗದಲ್ಲಿ. ಇದು ಮೊದಲ ಒಂದೆರಡು ದಿನದಲ್ಲಿ ದೊಡ್ಡದಾಗಬಹುದು. ಮತ್ತೆ ಮತ್ತೆ ಸಿಟಿ ಸ್ಕ್ಯಾನ್ ಮಾಡಿಸಿದ್ದು ಅದಕ್ಕೇ, ದುಡ್ಡಿಗಲ್ಲ. 'ಡಿಎಐ' ಅಂತಿದ್ದರೆ ಮೆದುಳಿನೊಳಗಿನ ನರದ ಎಳೆಗಳು ಎಳೆತಕ್ಕೆ ಸಿಕ್ಕಿ ಹರಿದಿವೆ. ಸಿಟಿಯಲ್ಲಿ ಅಷ್ಟೇನೂ ಕಾಣದೆ ಇರಬಹುದು, ಎಂಆರ್‌ಐನಲ್ಲಿ ಕಾಣುತ್ತದೆ. "ಸ್ಕ್ಯಾನ್ ಪರವಾಗಿಲ್ಲ ಅಂದ್ರು, ಆದ್ರೂ ಕಣ್ಣು ಬಿಡ್ತಿಲ್ಲ" ಅನ್ನುವ ಮನೆಗಳಲ್ಲಿ ಬಹಳ ಸಲ ಇದೇ ಇರುತ್ತದೆ, ಮತ್ತು ಇಲ್ಲಿ ತಾಳ್ಮೆ ತುಂಬಾ ಬೇಕು.

ಎರಡನೆಯದು ಜಿಸಿಎಸ್. ರೋಗಿಗೆ ಎಷ್ಟು ಎಚ್ಚರ ಇದೆ ಅಂತ ನೋಡಲು 1974ರಲ್ಲಿ ಗ್ಲಾಸ್ಗೋದ ಇಬ್ಬರು ವೈದ್ಯರು ಮಾಡಿದ ಅಳತೆ. ಕಣ್ಣು ಬಿಡುವುದಕ್ಕೆ 4, ಮಾತಿಗೆ 5, ಕೈಕಾಲು ಅಲ್ಲಾಡಿಸುವುದಕ್ಕೆ 6, ಒಟ್ಟು 15. ತೀರಾ ಕಡಿಮೆ ಅಂದರೆ 3. ಆಸ್ಪತ್ರೆಗೆ ಬಂದಾಗ 13ರಿಂದ 15 ಇದ್ದರೆ ಸೌಮ್ಯ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಮೂರರಲ್ಲಿ ಮುಂದಿನ ದಾರಿ ಹೆಚ್ಚು ಹೇಳುವುದು ಕೈಕಾಲಿನ ಅಂಕಿ. ಹೇಳಿದ್ದು ಕೇಳಿ ಬೆರಳು ಹಿಡಿದರೆ ಪೂರ್ತಿ 6. ಮಾತಿನ ಜಾಗದಲ್ಲಿ 'ಟಿ' ಅಂತ ಬರೆದಿದ್ದರೆ ಗಾಬರಿಯಾಗಬೇಡಿ. ಗಂಟಲಲ್ಲಿ ಪೈಪ್ ಇದೆ, ಮಾತಾಡಿಸಿ ನೋಡಲು ಆಗಲಿಲ್ಲ ಅಂತ ಅಷ್ಟೆ.

ಆಮೇಲೆ ಕಣ್ಣಿನ ಪಾಪೆ ಬೆಳಕಿಗೆ ಕುಗ್ಗುತ್ತಿತ್ತೇ, ಮೆದುಳಿನ ನಡುಗೆರೆ ಎಷ್ಟು ಮಿಲಿಮೀಟರ್ ಒಂದು ಕಡೆಗೆ ಸರಿದಿತ್ತು ('ಮಿಡ್‌ಲೈನ್ ಶಿಫ್ಟ್' ಅಂತಿರುತ್ತದೆ, 5 ದಾಟಿದರೆ ಗಂಭೀರ) ಅನ್ನುವುದನ್ನು ನೋಡಿ. ಎರಡೂ ಪಾಪೆ ಹಿಗ್ಗಿ ನಿಂತುಬಿಟ್ಟಿದ್ದವರ ದಾರಿ ಕಷ್ಟದ್ದು. ವಯಸ್ಸು ಇನ್ನೊಂದು ದೊಡ್ಡ ವಿಷಯ. ಒಂದೇ ಪೆಟ್ಟು ಇಪ್ಪತ್ತೈದರವನಿಗೂ ಎಪ್ಪತ್ತರವರಿಗೂ ಬಿದ್ದರೆ ಏಳುವ ವೇಗ ಬೇರೆ. ಆದರೆ ಇವುಗಳಲ್ಲಿ ಯಾವ ಒಂದು ಅಂಕಿಯೂ ಒಬ್ಬ ಮನುಷ್ಯನ ಹಣೆಬರಹ ಅಲ್ಲ. ಡಾಕ್ಟರು ಮೊದಲ ವಾರ "ಈಗಲೇ ಹೇಳಕ್ಕಾಗಲ್ಲ" ಅಂದರೆ ಅದು ನುಣುಚಿಕೊಳ್ಳುವ ಮಾತಲ್ಲ.

ಕಳೆದುಹೋದ ಆ ಮೊದಲ ಗಂಟೆಗಳು

ಇದು ನಿಮಗೆ ಈಗ ಉಪಯೋಗಕ್ಕೆ ಬರದು, ಪಕ್ಕದ ಮನೆಯವರಿಗೆ ಬಂದೀತು ಅಂತ ಬರೆಯುತ್ತೇನೆ. ಬುರುಡೆ ಹಿಗ್ಗುವುದಿಲ್ಲ. ಒಳಗೆ ರಕ್ತ ಕಟ್ಟಿದಷ್ಟೂ ಮೆದುಳಿಗೆ ಜಾಗ ಕಡಿಮೆ. ಅದರ ಮೇಲೆ ಉಸಿರು ಕಟ್ಟಿ ಆಮ್ಲಜನಕ ಇಳಿದರೆ, ಬೇರೆಲ್ಲೋ ರಕ್ತ ಸುರಿದು ಮೇಲಿನ ಬಿಪಿ 90ರ ಕೆಳಗೆ ಹೋದರೆ, ಪೆಟ್ಟು ಉಳಿಸಿದ ಮೆದುಳೂ ಸಾಯುತ್ತದೆ. ಅದಕ್ಕೇ ಪಿಕಪ್ಪಿನ ಹಿಂದೆ ಮಲಗಿಸಿಕೊಂಡು ಓಡುವುದಕ್ಕಿಂತ 108ಕ್ಕೆ ಫೋನ್ ಮಾಡಿ. ಕತ್ತು ಅಲ್ಲಾಡಿಸಬೇಡಿ, ವಾಂತಿ ಬಂದರೆ ತಲೆ, ಕತ್ತು, ಮೈ ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ. ನೀರು, ಸೋಡಾ, ಕಾಫಿ ಏನೂ ಬೇಡ. ಸಿಟಿ ಮತ್ತು ನರಶಸ್ತ್ರಚಿಕಿತ್ಸಕರು ಇರುವ ಜಾಗ ಯಾವುದು ಅಂತ ಆಂಬುಲೆನ್ಸಿನವರನ್ನೇ ಕೇಳಿ. ಇಲ್ಲವಾದರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹಾಸನಕ್ಕೆ, ಮತ್ತೆ ಬೆಂಗಳೂರಿನ ನಿಮ್ಹಾನ್ಸಿಗೆ ಅಂತ ಅಲೆಯುವುದರಲ್ಲೇ ಹೊತ್ತು ಹೋಗುತ್ತದೆ. ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಉಪಯೋಗವಾಗುವ ಟ್ರಾನೆಕ್ಸಾಮಿಕ್ ಆಸಿಡ್ ಅನ್ನುವ ಇಂಜೆಕ್ಷನ್ ಇದೆ. ಸೌಮ್ಯ, ಮಧ್ಯಮ ಪೆಟ್ಟಿನವರಿಗೆ ಅದರಿಂದ ಲಾಭ ಅಂತ 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು.

ಬಿದ್ದವರು ಹೃದಯದ್ದೋ ಪಾರ್ಶ್ವವಾಯುವಿನದೋ ಮಾತ್ರೆ ತಗೊಳ್ಳುತ್ತಿದ್ದರೆ ಆ ಮಾತ್ರೆಯ ಪಟ್ಟಿಯನ್ನೇ ಜೇಬಿಗೆ ಹಾಕಿಕೊಂಡು ಹೊರಡಿ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತರದವು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಒಳಗಿನ ರಕ್ತಸ್ರಾವ ಬೆಳೆಯುತ್ತಲೇ ಹೋಗುತ್ತದೆ. ವಾರ್ಫರಿನ್ ಇಳಿಸಲು ಔಷಧಿ ಇದೆ, ಆದರೆ ತಗೊಳ್ಳುತ್ತಿದ್ದಾರೆ ಅಂತ ಡಾಕ್ಟರಿಗೆ ಗೊತ್ತಿರಬೇಕಲ್ಲ.

ಮನೆಯಲ್ಲಿ ಮೊದಲ ವಾರಗಳು: ಗೊಂದಲ, ಗಲಾಟೆ, ನೆಂಟರು

ಕಣ್ಣು ಬಿಟ್ಟ ಮೇಲೂ ಕೆಲವು ದಿನ ರೋಗಿ ಇವತ್ತಿನದನ್ನು ನಾಳೆಗೆ ನೆನಪಿಡುವುದಿಲ್ಲ. ಬೆಳಿಗ್ಗೆ ತಿಂದದ್ದು ಗೊತ್ತಿಲ್ಲ, ಇರುವುದು ಮನೆಯೋ ಆಸ್ಪತ್ರೆಯೋ ಗೊತ್ತಿಲ್ಲ, ತೀರಿಹೋದ ಅಪ್ಪನನ್ನು ಕರೆಯುತ್ತಾರೆ, ಪೈಪ್ ಕಿತ್ತು ಎಸೆಯುತ್ತಾರೆ. ಈ ಸ್ಥಿತಿ ಎಷ್ಟು ದಿನ ಇತ್ತು ಅನ್ನುವುದು ಮುಂದಿನ ಚೇತರಿಕೆಯ ಬಗ್ಗೆ ನಮಗೆ ಸಿಗುವ ಒಳ್ಳೆಯ ಸೂಚನೆಗಳಲ್ಲಿ ಒಂದು. ಒಂದು ದಿನದೊಳಗೆ ಸರಿಹೋದರೆ ಹಗುರದ್ದು, ವಾರ ದಾಟಿದರೆ ತೀವ್ರ, ತಿಂಗಳು ದಾಟಿದರೆ ಬಹಳ ತೀವ್ರ ಅಂತ ಲೆಕ್ಕ. ಹಾಗಾಗಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆದಿಡಿ: ಇವತ್ತು ನಿನ್ನೆಯದು ನೆನಪಿತ್ತು, ಇರಲಿಲ್ಲ. ಮುಂದಿನ ಸಲ ಡಾಕ್ಟರನ್ನು ನೋಡುವಾಗ ಈ ಒಂದು ಸಾಲು ನಿಮ್ಮ ಹತ್ತು ನಿಮಿಷದ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಈಗ ನೆಂಟರ ವಿಷಯ. ಹಾರ್ಲಿಕ್ಸ್ ಬಾಟಲಿ, ಪುಟ್ಟಬಾಳೆ ಚಿಪ್ಪು ಹಿಡಿದುಕೊಂಡು ಬರುವವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಏಳೆಂಟು ಜನ ಮಂಚದ ಸುತ್ತ ನಿಂತು "ನಾನ್ಯಾರು ಹೇಳು ನೋಡೋಣ? ಗುರ್ತು ಸಿಕ್ತಾ?" ಅಂತ ಪರೀಕ್ಷೆ ಮಾಡುವುದು ಗಾಯಗೊಂಡ ಮೆದುಳಿಗೆ ಹಿಂಸೆ. ಉತ್ತರ ಹೊಳೆಯದೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ "ಹುಚ್ಚು ಹಿಡಿದಿದೆ" ಅಂತ ಊರೆಲ್ಲ ಸುದ್ದಿ. ಒಂದು ಸಲಕ್ಕೆ ಒಬ್ಬರು, ಹತ್ತು ನಿಮಿಷ, ಸಾಕು. ಕೇಳಬೇಡಿ, ಹೇಳಿ: "ಭಾವ, ನಾನು ಸುಧಾ, ನಿಮ್ಮ ನಾದಿನಿ. ಇವತ್ತು ಬುಧವಾರ, ಮನೇಲಿದೀರಿ." ಟಿವಿ ಆರಿಸಿ. ಹಗಲು ಕಿಟಕಿ ತೆರೆದು, ರಾತ್ರಿ ದೀಪ ಕಡಿಮೆ ಮಾಡಿ ಹೊತ್ತಿನ ಗುರುತು ಕೊಡಿ. ಕೈಕಾಲು ಕಟ್ಟಿಹಾಕಿದರೆ ಗಲಾಟೆ ಹೆಚ್ಚೇ ಆಗುತ್ತದೆ. ಮಂಚ ಬಿಟ್ಟು ನೆಲದ ಮೇಲೆ ದಪ್ಪ ಹಾಸಿಗೆ ಹಾಕಿದರೆ ಬೀಳುವ ಭಯವೂ ಇರುವುದಿಲ್ಲ.

ಊಟ, ಉಪ್ಪು, ನಂಜು

ಮೂಗಿನ ಪೈಪಿನಲ್ಲಿ ಕೊಡುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ ಇರಬೇಕು, ಕೊಟ್ಟಾದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇರಬೇಕು. ಮಲಗಿಸಿ ಕೊಟ್ಟರೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ. ಆಪರೇಷನ್ ಗೆದ್ದು ಬಂದವರನ್ನು ಈ ನ್ಯುಮೋನಿಯಾ ಮತ್ತೆ ಐಸಿಯುಗೆ ಕಳಿಸುತ್ತದೆ. ರಾಗಿ ಗಂಜಿಯಾದರೆ ಬಟ್ಟೆಯಲ್ಲಿ ಸೋಸಿ, ಇಲ್ಲವಾದರೆ ಪೈಪ್ ಕಟ್ಟಿಕೊಳ್ಳುತ್ತದೆ. ಫಿಟ್ಸಿಗೆ ಫೆನಿಟೋಯಿನ್ ಮಾತ್ರೆಯನ್ನು ಪೈಪಿನಲ್ಲೇ ಕೊಡುತ್ತಿದ್ದರೆ ಆಹಾರಕ್ಕೂ ಅದಕ್ಕೂ ಎಷ್ಟು ಅಂತರ ಇರಬೇಕು ಅಂತ ಕೇಳಿಕೊಳ್ಳಿ. ಜೊತೆಗೇ ಕೊಟ್ಟರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಪೈಪ್ ತೆಗೆದ ಮೇಲೆ ಎಲ್ಲರೂ ಮೊದಲು ಕೊಡುವುದು ಒಂದು ಲೋಟ ನೀರು. ನುಂಗಲು ಅತಿ ಕಷ್ಟದ್ದು ಅದೇ. ತೆಳ್ಳಗಿನದು ಗಂಟಲಿನ ಹಿಡಿತ ತಪ್ಪಿಸಿ ಓಡುತ್ತದೆ. ಮೊದಲು ಗಟ್ಟಿ ಅಂಬಲಿ, ಮೆತ್ತಗೆ ಕಲಸಿದ ಮೊಸರನ್ನ, ಚಮಚದಲ್ಲಿ, ಕೂರಿಸಿ, ಗದ್ದ ಎದೆಯ ಕಡೆ ಬಗ್ಗಿಸಿ. ಊಟದ ನಡುವೆ ಕೆಮ್ಮು ಬಂದರೆ, ಊಟವಾದ ಮೇಲೆ ದನಿ ಒದ್ದೆಯಾದ ಹಾಗೆ ಗುರುಗುರು ಅಂದರೆ ನಿಲ್ಲಿಸಿ, ಡಾಕ್ಟರಿಗೆ ಹೇಳಿ.

ನಂಜಾಗುತ್ತದೆ ಅಂತ ಮೊಟ್ಟೆ, ಮೀನು, ಬದನೆಕಾಯಿ, ಕೊನೆಗೆ ಬೇಳೆಯನ್ನೂ ನಿಲ್ಲಿಸಿ ಬರೀ ತಿಳಿಸಾರು-ಅನ್ನದ ಮೇಲೆ ಇಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಗಾಯ ಮಾಯಲು, ಕರಗಿಹೋದ ಮಾಂಸಖಂಡ ಮರಳಿ ಕಟ್ಟಲು ಪ್ರೋಟೀನೇ ಬೇಕು. ಬದನೆಕಾಯಿ ಬಿಡಿ, ನನ್ನ ಅಭ್ಯಂತರವಿಲ್ಲ. ಮೊಟ್ಟೆ ಬಿಡಬೇಡಿ. ಮೊಟ್ಟೆ ತಿನ್ನದ ಮನೆಯಾದರೆ ಹಾಲು, ಮೊಸರು, ಹೆಸರುಬೇಳೆ ಎರಡರಷ್ಟಾಗಲಿ.

ಉಪ್ಪಿನ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಆಲ್ದೂರಿನ ಆಚೆ ಒಂದು ಮನೆಯಲ್ಲಿ ಹಣೆಯ ಹಿಂದೆ ಜಜ್ಜುಗಾಯ ಆಗಿದ್ದವರಿಗೆ ವ್ಯಾಯಾಮ ಮಾಡಿಸುತ್ತಿದ್ದೆ. ಸೋಮವಾರ ನನ್ನ ಕೈಯಲ್ಲಿದ್ದ ಸ್ಪಂಜ್ ಚೆಂಡು ಹಿಂಡಿದ್ದರು, "ಕಾಫಿ ಕೊಡೇ ಇವ್ರಿಗೆ" ಅಂತ ಹೆಂಡತಿಗೂ ಹೇಳಿದ್ದರು. ಗುರುವಾರ ಹೋದರೆ ಹೆಂಡತಿ ಖುಷಿಯಲ್ಲಿದ್ದಾರೆ: "ಈಗ ಗಲಾಟೆನೇ ಇಲ್ಲ ಮೇಡಂ, ಒಳ್ಳೆ ನಿದ್ದೆ ಮಾಡ್ತಾರೆ." ಚೆಂಡು ಕೈಗಿಟ್ಟೆ, ಬೆರಳು ಮುಚ್ಚಲಿಲ್ಲ. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ. ಒಂದು ಸಲ ವಾಂತಿಯೂ ಆಗಿತ್ತಂತೆ, ಹುಳಿ ಮೊಸರಿನ ತಲೆಗೆ ಕಟ್ಟಿದ್ದರು. ಆ ಮಧ್ಯಾಹ್ನವೇ ಆಸ್ಪತ್ರೆಗೆ ಕಳಿಸಿದೆವು. ಸಿಟಿಯಲ್ಲಿ ಹೊಸದೇನಿಲ್ಲ, ರಕ್ತದಲ್ಲಿ ಸೋಡಿಯಂ 119. ಇರಬೇಕಾದ್ದು 135ರಿಂದ 145. ತಲೆಪೆಟ್ಟಿನ ಮೇಲೆ ಮೆದುಳು ದೇಹದ ನೀರು-ಉಪ್ಪಿನ ಲೆಕ್ಕ ತಪ್ಪಿಸುವುದು ಸಾಮಾನ್ಯ. ಸೋಡಿಯಂ ಇಳಿದರೆ ಮೆದುಳು ಊದುತ್ತದೆ, ಮಂಪರು, ಗೊಂದಲ, ಫಿಟ್ಸ್. ಕೆಲವು ದಿನದ ಚಿಕಿತ್ಸೆಗೆ ಅವರು ಮತ್ತೆ ಚೆಂಡು ಹಿಂಡಿದರು.

ಇದನ್ನು ಓದಿ ಗಂಜಿಗೆ ಹಿಡಿ ಉಪ್ಪು ಸುರಿಯಬೇಡಿ. ಕೆಲವರಿಗೆ ಉಪ್ಪು ಹೆಚ್ಚಿಸಬೇಕು, ಕೆಲವರಿಗೆ ನೀರು ಕಡಿಮೆ ಮಾಡಬೇಕು, ಒಂದಕ್ಕೊಂದು ತಿರುಗುಮುರುಗು. ಅವಸರದಲ್ಲಿ ಏರಿಸಿದರೂ ಮೆದುಳಿಗೆ ಹಾನಿ. ನಿಮ್ಮ ಕೆಲಸ ಇಷ್ಟೇ: ಹೊಸದಾಗಿ ಮಂಪರು ಕಂಡರೆ ಅದನ್ನು ನಿದ್ದೆ ಅನ್ನಬೇಡಿ. ಮೊನ್ನೆ ಮಾಡಿದ್ದನ್ನು ಇವತ್ತು ಮಾಡುತ್ತಿಲ್ಲ ಅಂದರೆ ಅದಕ್ಕೊಂದು ಕಾರಣ ಇರುತ್ತದೆ, ಮತ್ತು ಆ ಕಾರಣಗಳಲ್ಲಿ ಹೆಚ್ಚಿನವಕ್ಕೆ ಮದ್ದಿದೆ. ಸೋಡಿಯಂ, ಮೂತ್ರದ ಸೋಂಕು, ಜ್ವರ, ಔಷಧಿಯ ಅಮಲು, ಸದ್ದಿಲ್ಲದ ಫಿಟ್ಸ್, ಮೆದುಳಲ್ಲಿ ನೀರು ತುಂಬಿಕೊಳ್ಳುವುದು. ಚೇತರಿಕೆ ಹಿಂದಕ್ಕೆ ಹೋಗುವುದು ಸಹಜ ಅಂತ ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ನಿಲ್ಲುವುದು ಸಹಜ, ಹಿಂದಕ್ಕೆ ಹೋಗುವುದು ಅಲ್ಲ.

ಕೈಕಾಲು: ಎಳೆಯಬೇಡಿ, ತಿಕ್ಕಬೇಡಿ

ನನ್ನ ಕಸುಬಿನ ವಿಷಯ ಇದು, ಆದರೂ ಚಿಕ್ಕದಾಗಿ ಮುಗಿಸುತ್ತೇನೆ, ಯಾಕೆಂದರೆ ವ್ಯಾಯಾಮ ಎದುರಿಗೆ ನಿಂತು ಕಲಿಯುವಂಥದು, ಓದಿ ಅಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಏರ್‌ಬೆಡ್ ಇದ್ದರೂ. ಸೊಂಟದ ಹಿಂದೆ, ಹಿಮ್ಮಡಿ, ಕಿವಿಯ ಹಿಂದೆ ದಿನಾ ಕಣ್ಣಾಡಿಸಿ, ಒತ್ತಿದರೂ ಮಾಸದ ಕೆಂಪು ಕಂಡರೆ ಆ ಮಗ್ಗುಲಿಗೆ ಮಲಗಿಸಬೇಡಿ. ಸೋತ ಕೈ ಹಿಡಿದು ಎಬ್ಬಿಸಬೇಡಿ, ಹೆಗಲು ಕಳಚಿ ಇಳಿಯುತ್ತದೆ, ಮತ್ತೆ ಆ ನೋವು ವರ್ಷಗಟ್ಟಲೆ. ಬೆನ್ನಿನ ಹಿಂದೆ ಕೈ ಕೊಟ್ಟು ಎಬ್ಬಿಸಿ.

ಎಣ್ಣೆ ಕಾಯಿಸಿ ನೀವುವವರನ್ನು ಕರೆಸುವ ಮುಂಚೆ ಎರಡು ಮಾತು. ಮಲಗಿದ್ದವರ ಒಂದು ಕಾಲಿನ ಮೀನಖಂಡ ಊದಿ ಬಿಸಿಯಾಗಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು, ಪ್ರಾಣವೇ ಹೋಗಬಹುದು. ಮೊಣಕೈಯೋ ಸೊಂಟದ ಕೀಲೋ ಬಿಸಿಯಾಗಿ, ಬಿಗಿಯಾಗಿ, ದಿನದಿಂದ ದಿನಕ್ಕೆ ಕಡಿಮೆ ಮಡಚುತ್ತಿದ್ದರೆ ಸುತ್ತಲಿನ ಮಾಂಸದಲ್ಲಿ ಮೂಳೆ ಬೆಳೆಯುತ್ತಿರಬಹುದು. ಎಕ್ಸ್‌ರೇ ತೆಗೆಸಿ. ಜೋರಾಗಿ ಎಳೆದು ಮಡಚಿಸಬೇಡಿ.

ಫಿಟ್ಸ್, ಬುರುಡೆಯ ಮೂಳೆ, ಮದ್ಯ

ಫಿಟ್ಸ್ ಮಾತ್ರೆಯನ್ನು ಕೆಲವರಿಗೆ ಮೊದಲ ವಾರಕ್ಕೆ ಮಾತ್ರ ಕೊಡುತ್ತಾರೆ, ಫಿಟ್ಸ್ ಬಂದವರಿಗೆ ದೀರ್ಘಕಾಲ. ಎಷ್ಟು ದಿನ ಅಂತ ಬರೆಸಿಕೊಳ್ಳಿ. 'ಚೆನ್ನಾಗಿದ್ದಾರಲ್ಲ' ಅಂತ ನೀವೇ ನಿಲ್ಲಿಸಿದರೆ ಬಹಳ ಸಲ ಆಗಲೇ ಬರುವುದು. ತಾಯಿತ ಕಟ್ಟಿಸುವುದಕ್ಕೆ ನನ್ನ ತಕರಾರಿಲ್ಲ, ಮಾತ್ರೆಯ ಬದಲಿಗೆ ಬೇಡ. ಲೆವೆಟಿರಾಸೆಟಮ್ ಅನ್ನುವ ಮಾತ್ರೆಯಿಂದ ಕೆಲವರಿಗೆ ಸಿಡಿಮಿಡಿ ಹೆಚ್ಚುತ್ತದೆ. ಹಾಗೆ ಅನ್ನಿಸಿದರೆ ಬಿಡಬೇಡಿ, ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ. ಫಿಟ್ಸ್ ಬಂದಾಗ ಕೈಗೆ ಕೀಲಿ ಗೊಂಚಲು, ಮೂಗಿಗೆ ಚಪ್ಪಲಿ, ಬಾಯಿಗೆ ಚಮಚ ಯಾವುದೂ ಬೇಡ. ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಒಂದು ಬಂದರೆ 108.

ಊತಕ್ಕೆ ಜಾಗ ಕೊಡಲು ಬುರುಡೆಯ ಒಂದು ತುಂಡು ತೆಗೆದಿದ್ದರೆ, ಅದನ್ನು ಹೊಟ್ಟೆಯ ಚರ್ಮದ ಕೆಳಗೆ ಇಟ್ಟು ಹೊಲಿದಿರಬಹುದು. ಹೊಟ್ಟೆಯ ಮೇಲೂ ಗಾಯ ಯಾಕೆ ಅಂತ ಕೇಳುವವರಿಗೆ ಉತ್ತರ ಅದು. ತಲೆಯಲ್ಲಿ ಮೂಳೆ ಇಲ್ಲದ ಕಡೆಗೆ ಮಲಗಿಸಬೇಡಿ. ನಡೆದಾಡಲು ಶುರು ಮಾಡಿದ ದಿನದಿಂದ ಮನೆಯೊಳಗೂ ಗಟ್ಟಿ ಹೆಲ್ಮೆಟ್ಟು. ಮೂಳೆ ಮರಳಿ ಕೂರಿಸುವುದನ್ನು ಸಾಮಾನ್ಯವಾಗಿ ಕೆಲವು ತಿಂಗಳ ಮೇಲೆ ಮಾಡುತ್ತಾರೆ. 'ಹೇಗೂ ನಡೀತಿದ್ದಾರಲ್ಲ, ಇನ್ನೊಂದು ಆಪರೇಷನ್ ಯಾಕೆ' ಅಂತ ಮುಂದಕ್ಕೆ ಹಾಕುವವರಿದ್ದಾರೆ. ಚರ್ಮ ಒಳಕ್ಕೆ ಕುಸಿದ ಕೆಲವರಲ್ಲಿ ತಲೆಸುತ್ತು, ಸುಸ್ತು, ಕೈಕಾಲಿನ ಸೋಲು ಹೆಚ್ಚಾಗಿ, ಮೂಳೆ ಕೂರಿಸಿದ ಮೇಲೆ ಕಡಿಮೆಯಾಗುವುದೂ ಉಂಟು.

ಮದ್ಯದ ಬಗ್ಗೆ ತೋಟದ ಲೈನ್‌ಗಳಲ್ಲಿ (ಕೆಲಸಗಾರರ ಸಾಲುಮನೆಗಳಲ್ಲಿ) ನನ್ನ ಮಾತು ಯಾರಿಗೂ ಹಿಡಿಸುವುದಿಲ್ಲ. "ಸ್ವಲ್ಪ ಹಾಕ್ಕೊಂಡ್ರೆ ನಿದ್ದೆ ಬರುತ್ತೆ ಮೇಡಂ." ಸ್ವಲ್ಪವೂ ಬೇಡ. ಪೆಟ್ಟು ತಿಂದ ಮೆದುಳಿಗೆ ಮೊದಲಿನ ಅಳತೆಯ ಅರ್ಧವೂ ತಡೆಯುವುದಿಲ್ಲ. ಫಿಟ್ಸಿಗೆ ಅದು ದಾರಿ, ಮತ್ತೆ ಬೀಳುವುದಕ್ಕೂ ಅದೇ ದಾರಿ. ಎರಡನೇ ಪೆಟ್ಟು ಮೊದಲನೆಯದರ ಗಳಿಕೆಯನ್ನೆಲ್ಲ ಅಳಿಸಿಬಿಡುತ್ತದೆ.

ಮೂಗು ಹೋದ ಬೆಳೆಗಾರರು

ಯಾರೂ ಕೇಳದ, ಡಿಸ್ಚಾರ್ಜಿನಲ್ಲಿ ಬರೆಯದ ಒಂದು ನಷ್ಟ ಇದು. ತಲೆ ಜೋರಾಗಿ ಅಲುಗಿದಾಗ, ಅದರಲ್ಲೂ ಹಿಂದಲೆಗೆ ಪೆಟ್ಟು ಬಿದ್ದಾಗ, ಮೂಗಿನ ಮೇಲಿನ ತೆಳ್ಳನೆಯ ಮೂಳೆಯ ತೂತುಗಳಲ್ಲಿ ಹಾದುಹೋಗುವ ವಾಸನೆಯ ನರದ ಎಳೆಗಳು ಹರಿಯುತ್ತವೆ. ನನಗೆ ಪರಿಚಯದ ಬೆಳೆಗಾರರೊಬ್ಬರು ಬೈಕಿನಿಂದ ಬಿದ್ದು ಎಲ್ಲ ರೀತಿಯಲ್ಲೂ ಚೇತರಿಸಿಕೊಂಡರು, ನಡೆದರು, ಲೆಕ್ಕ ನೋಡಿದರು. ಆದರೆ ಊಟ ಅರ್ಧಕ್ಕೇ ಬಿಡುತ್ತಿದ್ದರು. ಮನೆಯವರು ಬೇಸರ ಅಂದುಕೊಂಡಿದ್ದರು. ಒಂದು ದಿನ ಅವರೆದುರಿಗೇ ಹಾಲು ಉಕ್ಕಿ ಸೀದು ಅಡುಗೆಮನೆ ಹೊಗೆಯಾದರೂ ಅವರು ಪೇಪರ್ ಓದುತ್ತಾ ಕೂತಿದ್ದರು. ಕಾಫಿಪುಡಿಯ ಡಬ್ಬಿ ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ತಲೆ ಅಲ್ಲಾಡಿಸಿದರು. ಮೂರು ತಲೆಮಾರಿನಿಂದ ಕಾಫಿ ಬೆಳೆದ ಮನೆ.

ಹಾಗಾಗಿ ಮನೆಯಲ್ಲೇ ಪರೀಕ್ಷಿಸಿ: ಕಣ್ಣು ಮುಚ್ಚಿಸಿ ಕಾಫಿಪುಡಿ, ನಿಂಬೆಸಿಪ್ಪೆ. ವಾಸನೆ ಇಲ್ಲವಾದರೆ ಗ್ಯಾಸ್ ಸೋರಿಕೆ ಗೊತ್ತಾಗುವುದಿಲ್ಲ, ಹಳಸಿದ ಅನ್ನ ಗೊತ್ತಾಗುವುದಿಲ್ಲ, ಒಬ್ಬರೇ ಇರುವವರಾದರೆ ಗ್ಯಾಸ್ ಅಲಾರಂ ಹಾಕಿಸಿ. ಲವಂಗ, ನಿಂಬೆ, ನೀಲಗಿರಿ ಎಣ್ಣೆ, ಗುಲಾಬಿ ಈ ನಾಲ್ಕನ್ನು ಬೆಳಿಗ್ಗೆ ಸಂಜೆ ಒಂದೊಂದಾಗಿ ಗಮನವಿಟ್ಟು ಮೂಸುವ ಅಭ್ಯಾಸ ತಿಂಗಳುಗಟ್ಟಲೆ ಮಾಡಿಸುತ್ತಾರೆ. ತಲೆಪೆಟ್ಟಿನವರಿಗೆ ಇದರ ಲಾಭ ಸಾಧಾರಣ, ಆದರೆ ಖರ್ಚೂ ಇಲ್ಲ, ಹಾನಿಯೂ ಇಲ್ಲ. ಮರಳಿ ಬರುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದೊಳಗೆ.

ಸ್ವಭಾವ ಬದಲಾದರೆ

ಹಣೆಯ ಹಿಂದಿನ ಮೆದುಳಿಗೆ ಗಾಯವಾದವರು ಎರಡು ತರ ಆಗಬಹುದು. ಒಬ್ಬರು ಬಾಯಿಗೆ ಬಂದದ್ದನ್ನು ಆಡುತ್ತಾರೆ, ಅತ್ತೆಯೆದುರು ಆಡಬಾರದ್ದನ್ನೂ. ಇನ್ನೊಬ್ಬರು ಹೇಳದೆ ಏನನ್ನೂ ಶುರು ಮಾಡುವುದಿಲ್ಲ, ಬಚ್ಚಲಲ್ಲಿ ನೀರು ಕಾದಿದ್ದರೂ ಜಗಲಿಯಲ್ಲಿ ಕೂತೇ ಇರುತ್ತಾರೆ. ಎರಡನೆಯವರಿಗೆ ಸೋಮಾರಿ ಅನ್ನುವ ಪಟ್ಟ ಬೇಗ ಸಿಗುತ್ತದೆ. "ಕೈಕಾಲು ಗಟ್ಟಿ ಇದೆ, ಕೆಲಸಕ್ಕೆ ಹೋಗಕ್ಕೇನು?" ಕೈಕಾಲನ್ನು ಹೊರಡಿಸುವ ಭಾಗಕ್ಕೇ ಏಟು ಬಿದ್ದಿದೆ. ಬೈದರೆ ಪ್ರಯೋಜನವಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳಿ: "ಟವೆಲ್ ತಗೊಳ್ಳಿ." ತಗೊಂಡ ಮೇಲೆ ಮುಂದಿನದು. ದಿನವೂ ಅದೇ ಹೊತ್ತಿಗೆ ಅದೇ ಕೆಲಸ. ಗೋಡೆಯ ಮೇಲೆ ದಿನಚರಿ ಬರೆದು ಅಂಟಿಸಿ.

ಸುಸ್ತು ನಿಜವಾದದ್ದು. ಬೆಳಿಗ್ಗೆ ಸರಿಯಾಗಿ ಮಾತಾಡಿದವರು ಸಂಜೆಗೆ ತೊದಲುವುದು, ಸಿಡುಕುವುದು ನಾಟಕವಲ್ಲ. ಮುಖ್ಯ ಕೆಲಸ ಬೆಳಿಗ್ಗೆ ಇಟ್ಟುಕೊಳ್ಳಿ, ಮಧ್ಯಾಹ್ನ ನಿದ್ದೆ ಬಿಡಿಸಬೇಡಿ. ತಿಂಗಳಾದರೂ ಸುಸ್ತು ಇಳಿಯದಿದ್ದರೆ ಮೆದುಳಿನ ಬುಡದ ಗ್ರಂಥಿಯ ಹಾರ್ಮೋನು ಪರೀಕ್ಷೆ ಬೇಕೇ ಅಂತ ಕೇಳಿ. ದಿನವಿಡೀ ಅಳು, ಊಟ ನಿದ್ದೆ ಬಿಟ್ಟಿರುವುದು, ಬದುಕಿ ಏನು ಪ್ರಯೋಜನ ಅನ್ನುವ ಮಾತು ಬಂದರೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅದೂ ಪೆಟ್ಟಿನ ಭಾಗವೇ, ಅದಕ್ಕೂ ಮಾತ್ರೆಯಿದೆ.

ನೋಡಿಕೊಳ್ಳುವವರ ಬಗ್ಗೆ ಒಂದೇ ಮಾತು. ಎಲ್ಲ ಮನೆಯಲ್ಲೂ ಅದು ಒಬ್ಬ ಹೆಂಗಸಿನ ತಲೆಗೇ ಬೀಳುತ್ತದೆ. ರಾತ್ರಿ ಪಾಳಿ ಹಂಚಿಕೊಳ್ಳಿ. ಅಣ್ಣತಮ್ಮಂದಿರು ಫೋನಿನಲ್ಲಿ ವಿಚಾರಿಸಿದರೆ ಸಾಲದು.

ಎಷ್ಟು ಕಾಲ

ವೇಗವಾಗಿ ಸುಧಾರಿಸುವುದು ಮೊದಲ ಆರು ತಿಂಗಳು. ಆಮೇಲೂ ನಡೆಯುತ್ತದೆ, ನಿಧಾನವಾಗಿ, ಎರಡು ವರ್ಷದವರೆಗೂ, ಕೆಲವರಲ್ಲಿ ಅದರಾಚೆಗೂ. ಆರು ತಿಂಗಳಿಗೆ ಇಷ್ಟೇ ಅಂತ ವ್ಯಾಯಾಮ ನಿಲ್ಲಿಸಬೇಡಿ. ನಡೆಯುತ್ತಿದ್ದವರ ನಡಿಗೆ ನಡುವೆ ಕೆಟ್ಟು, ಕಾಲು ನೆಲಕ್ಕೆ ಅಂಟಿದ ಹಾಗಾಗಿ, ಗೊತ್ತಿಲ್ಲದೆ ಮೂತ್ರ ಹೋಗಿ, ಮಂಕು ಕವಿದರೆ ಮೆದುಳಲ್ಲಿ ನೀರು ತುಂಬಿರಬಹುದು. ಆ ನೀರು ಹರಿದುಹೋಗಲು ಶಂಟ್ ಅನ್ನುವ ಸಣ್ಣ ಕೊಳವೆ ಹಾಕಿದರೆ ಸುಧಾರಿಸುವ ಸಾಧ್ಯತೆ ಇದೆ. ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಸೋರಿದರೆ, ಹೊಲಿಗೆಯ ಜಾಗ ಒದ್ದೆಯಾದರೆ, ತಲೆನೋವು ದಿನದಿಂದ ದಿನಕ್ಕೆ ಏರಿದರೆ ಮುಂದಿನ ತಾರೀಖು ಕಾಯಬೇಡಿ.

ವಯಸ್ಸಾದವರದು ಬೇರೆ ಕತೆ, ಮತ್ತು ಒಳ್ಳೆಯ ಕತೆ. ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡದ್ದು ಎಲ್ಲರಿಗೂ ಮರೆತಿರುತ್ತದೆ. ಮೂರು-ನಾಲ್ಕು ವಾರದ ಮೇಲೆ ಅಜ್ಜ ಎಲೆಯಡಿಕೆ ಚೀಲ ಎಲ್ಲಿಟ್ಟೆ ಅಂತ ಹುಡುಕುತ್ತಾರೆ, ಒಂದು ಕಾಲು ಎಳೆಯುತ್ತಾರೆ, ಹಗಲೆಲ್ಲ ತೂಕಡಿಸುತ್ತಾರೆ. "ಅರಳುಮರಳು, ವಯ್ಸಾಯ್ತಲ್ಲ" ಅಂತ ಬಿಟ್ಟುಬಿಡುತ್ತಾರೆ. ವಯಸ್ಸಿಗೆ ಕುಗ್ಗಿದ ಮೆದುಳಿನ ಸುತ್ತ ನಿಧಾನವಾಗಿ ರಕ್ತ ತುಂಬಿರುತ್ತದೆ, ಕ್ರಾನಿಕ್ ಎಸ್‌ಡಿಎಚ್. ಬುರುಡೆಗೆ ಒಂದೆರಡು ತೂತು ಹಾಕಿ ಅದನ್ನು ಹರಿಯಬಿಟ್ಟರೆ ಕೆಲವೇ ದಿನಗಳಲ್ಲಿ ಎದ್ದು ನಡೆಯುವವರಿದ್ದಾರೆ. ಹತ್ತರಲ್ಲಿ ಒಬ್ಬಿಬ್ಬರಿಗೆ ಮತ್ತೆ ತುಂಬುತ್ತದೆ, ಹಾಗಾಗಿ ಮರಳಿ ಮಂಕಾದರೆ ಮರಳಿ ಸಿಟಿ. ನಿಲ್ಲಿಸಿದ ರಕ್ತ ತೆಳುಮಾಡುವ ಮಾತ್ರೆಯನ್ನು ಯಾವಾಗ ಶುರು ಮಾಡಬೇಕು ಅನ್ನುವುದನ್ನು ಹೃದಯದ ಡಾಕ್ಟರೂ ತಲೆಯ ಡಾಕ್ಟರೂ ಮಾತಾಡಿಕೊಂಡು ಹೇಳಲಿ.

ದುಡ್ಡು, ಕೆಲಸ, ಏಣಿ

ರಸ್ತೆ ಅಪಘಾತವಾದರೆ ಪೊಲೀಸ್ ದೂರು, ಎಂಎಲ್‌ಸಿ (ಆಸ್ಪತ್ರೆಯವರು ಪೊಲೀಸ್ ಕೇಸಿಗಾಗಿ ಮಾಡುವ ದಾಖಲೆ) ನಂಬರು ಇರಲೇಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಲ್ಲಿ ರಸ್ತೆ ಅಪಘಾತದವರಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಇದೆ, ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಕೇಳಿ. ಮರದಿಂದ ಬಿದ್ದವರಿಗೆ ಅಪಘಾತ ಯೋಜನೆ ಅನ್ವಯಿಸುವುದಿಲ್ಲ, ಆದರೆ ತೋಟದ ಕೆಲಸದ ಹೊತ್ತಿನಲ್ಲಿ ಬಿದ್ದಿದ್ದರೆ ಪರಿಹಾರ ಕೇಳುವ ಹಕ್ಕಿದೆ. ತೋಟದ ರೈಟರ್ (ಲೆಕ್ಕ ಬರೆಯುವವರು) ಕೈಗೆ ಎರಡು ಸಾವಿರ ಕೊಟ್ಟು ಕಳಿಸಿದರು ಅಂತ ಸುಮ್ಮನಾಗಬೇಡಿ, ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ.

ಕೆಲಸಕ್ಕೆ ಮರಳುವುದು ಮೆಟ್ಟಿಲು ಮೆಟ್ಟಿಲಾಗಿ. ಮೊದಲು ಕಣದಲ್ಲಿ ಕಾಫಿ ಹರಡುವುದು, ಮೆಣಸು ಹೆಕ್ಕುವುದು, ದಿನಕ್ಕೆ ಎರಡು ಗಂಟೆ. ಅದು ಹಿಡಿಸಿದರೆ ಅರ್ಧ ದಿನ. ಸಂಬಳ ಬಟವಾಡೆಯ ಲೆಕ್ಕ ಕೊನೆಗೆ, ಅದೂ ಪಕ್ಕದಲ್ಲಿ ಇನ್ನೊಬ್ಬರಿದ್ದು, ಯಾಕೆಂದರೆ ಮಾತು ಚೆನ್ನಾಗಿದ್ದವರಿಗೂ ಲೆಕ್ಕದಲ್ಲಿ ಗಮನ ಜಾರುತ್ತದೆ. ಬೈಕು, ಜೀಪು, ಕೆರೆ, ಕಳೆ ಹೊಡೆಯುವ ಮಿಷನ್ನು ಇವಕ್ಕೆಲ್ಲ ಡಾಕ್ಟರ ಒಪ್ಪಿಗೆ ಬೇಕು, ಫಿಟ್ಸ್ ಬಂದವರಾದರಂತೂ ಬಾಯಿಮಾತಿನ ಒಪ್ಪಿಗೆ ಸಾಲದು, ಬರೆಸಿಕೊಳ್ಳಿ. ಏಣಿಯ ವಿಷಯದಲ್ಲಿ ನನ್ನ ಹತ್ತಿರ ಚೌಕಾಸಿ ಇಲ್ಲ. "ಈ ಸೀಸನ್ ಒಂದು ಹತ್ತಿಬಿಡ್ತೀನಿ ಮೇಡಂ, ಮುಂದಿನ ವರ್ಷ ಬಿಡ್ತೀನಿ" ಅನ್ನುವವರಿಗೆ ನಾನು ಕೊಡುವ ಪರೀಕ್ಷೆ ಒಂದೇ: ಕಣ್ಣು ಮುಚ್ಚಿ, ಪಾದ ಜೋಡಿಸಿ ನಿಲ್ಲಿ. ತೂರಾಡುತ್ತಾರೆ. ತೂರಾಡದೆ ನಿಂತವರಿಗೂ ನನ್ನ ಉತ್ತರ ಅದೇ: ಮೆಣಸು ನೆಲದಲ್ಲಿ ನಿಂತು ಹೆಕ್ಕಿ.